ಪೂಜೆಗಿಟ್ಟ ಯಂತ್ರವನ್ನು ಮುಟ್ಟಿದ ಕೈ

“ಹಾಕಪ್ಪಾ ಫ್ಯೂಸು,” ಎಂದರು ಸಬ್ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪ.

ಸ್ಟೂಲಿನ ಮೇಲೆ ನಿಂತಿದ್ದ ಲೈನ್‌ಮ್ಯಾನ್ ಜೇಬಿನಿಂದ ಪಿಂಗಾಣಿ ಫ್ಯೂಸ್ ತೆಗೆದು ಗೂಡಿಗೆ ಒತ್ತಿದ. ಟ್ಯೂಬ್‌ಲೈಟ್ ಮಿಟುಕಿ ಮಿಟುಕಿ ಹತ್ತಿಕೊಂಡಿತು.

ಮಾಲೂರಿನ ಸ್ಟೇಷನ್ ರಸ್ತೆಯ ಆ ವಿಡಿಯೋ ಗೇಮ್ ಅಂಗಡಿಯಲ್ಲಿ ಆಯುಧಪೂಜೆಯ ಸಂಜೆಯಿಂದ ಕರೆಂಟ್ ಇರಲಿಲ್ಲ. ಅವತ್ತು ಅಂಗಡಿಯ ಯಜಮಾನ ಚನ್ನರಾಯಪ್ಪ ಹೊಸ ಮಿಷಿನ್ನಿಗೆ ದೀಪ ಹಚ್ಚಲು ಬಗ್ಗಿದವನು, ಅದರ ತಗಡಿನ ಬಾಗಿಲಿಗೆ ಕೈ ತಾಗಿ, ಷಾಕ್ ಹೊಡೆದು ಅಲ್ಲೇ ಸತ್ತಿದ್ದ. ಮಿಷಿನ್ನಿನ ಬೆನ್ನಿನ ಹಲಗೆ ಬಿಚ್ಚಿ ಯಾರೋ ಒಂದು ಕರೆಂಟ್ ತಂತಿಯನ್ನು ಆ ತಗಡಿಗೆ ಸುತ್ತಿದ್ದರು.

“ಈ ಫ್ಯೂಸ್ ಇಷ್ಟು ದಿವಸ ಎಲ್ಲಿತ್ತು?” ಆರೋಪಿಯ ಪರ ವಕೀಲೆ ಗಂಗರತ್ನ ಕೇಳಿದಳು.

“ನಮ್ಮ ಆಫೀಸಿನ ಬೀರುವಲ್ಲಿ ಕಣಮ್ಮ. ಅವತ್ತೇ ಆ ತಂತೀನೂ ಕತ್ತರಿಸಿ, ಇದನ್ನೂ ಕಿತ್ಕೊಂಡು ಹೋದೆ. ಜೀವ ತೆಗೆದಿರೋ ಫ್ಯೂಸು, ಯಾರು ಮುಟ್ತಾರೆ?” ಎಂದ ಲೈನ್‌ಮ್ಯಾನ್.

“ಹಾಗಾದ್ರೆ ಅವತ್ತಿನಿಂದ ಈ ಮಿಷಿನ್ ಯಾರೂ ಆಡಿಲ್ಲ.”

“ಕರೆಂಟಿಲ್ದೆ ಎಂಥ ಆಟ ಲಾಯರಮ್ಮ!” ಎಂದು ನಕ್ಕವನು, ಒಳಗೆ ಹಲಗೆಯ ಮೇಲೆ ಕೂತಿದ್ದ ಚನ್ನರಾಯಪ್ಪನ ತಾಯಿ ಮುತ್ಯಾಲಮ್ಮನನ್ನು ನೋಡಿ ನಗು ನುಂಗಿಕೊಂಡು, ಸ್ಟೂಲ್ ಎತ್ತಿಕೊಂಡು ಹೊರಗೆ ಹೋದ.

ಅಂಗಡಿಯಲ್ಲಿ ಎರಡೇ ಮಿಷಿನ್ನು. ಗೋಡೆಯ ಪಕ್ಕದ ಹಳೆಯದನ್ನು ಊರವರೆಲ್ಲ ‘ಹುಳದ ಆಟ’ ಅನ್ನುತ್ತಿದ್ದರು. ಆಕಾಶದಲ್ಲಿ ಸಾಲುಗಟ್ಟಿದ ಹುಳಗಳು ಒಂದೊಂದಾಗಿ ಕೆಳಗೆ ಎರಗುತ್ತವೆ. ಕೆಳಗಿರುವ ಪುಟ್ಟ ವಿಮಾನವನ್ನು ಎಡಕ್ಕೆ ಬಲಕ್ಕೆ ಓಡಿಸಿ, ಗುಂಡಿ ಒತ್ತಿ ಹೊಡೆಯಬೇಕು. ಸಂಜೆ ಬೆಂಗಳೂರಿನ ರೈಲು ಇಳಿದವರು ಮನೆಗೆ ಹೋಗುವ ಮುಂಚೆ ಎಂಟಾಣೆ ಹಾಕಿ ಒಂದಾಟ ಆಡುವುದು ರೂಢಿಯಾಗಿತ್ತು. ಹೊಸದು ಅದೇ ಆಟದ ಎರಡನೇ ಭಾಗ. ಪೂಜೆಯ ಹಿಂದಿನ ದಿನ ಬಂದಿತ್ತು. ಮರುಪೂಜೆಯಾದ ಮೇಲೆ ಊರಿಗೆ ತೋರಿಸುತ್ತೇನೆಂದು ಚನ್ನರಾಯಪ್ಪ ಎಲ್ಲರಿಗೂ ಹೇಳಿಕೊಂಡಿದ್ದ. ಊರು ಅದನ್ನು ನೋಡಲೇ ಇಲ್ಲ.

“ಈಗ ಹೇಳಿ ಮೇಡಂ, ನನ್ನಂಥೋನ ತಲೆಗೂ ಹೋಗೋ ಹಾಗೆ,” ಎಂದರು ಕೋದಂಡರಾಮಪ್ಪ, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತ. “ಮಿಷಿನ್ ಹೋಗಿ ನಿಮ್ಮ ಕಕ್ಷಿದಾರ ಪೆದ್ದಪ್ಪನ ಪರ ಸಾಕ್ಷಿ ಹೇಳತ್ತೆ ಅಂತೀರಲ್ಲ, ಹ್ಯಾಗೆ?”

ಗಂಗರತ್ನ ಕೋರ್ಟಿನಲ್ಲಿ ಮಾತಾಡುವ ಹಾಗೆಯೇ ನಿಧಾನವಾಗಿ ಹೇಳಿದಳು.

“ಮಿಷಿನ್ ಜೋಡಿಸಿದ್ದು ಮುಳಬಾಗಿಲಿನ ಮೆಕ್ಯಾನಿಕ್ ಪೆದ್ದಪ್ಪ. ಹ್ಯಾಂಡಲ್‌ದು ಎರಡು ತಂತಿ ಅದಲು ಬದಲು ಮಾಡ್ಬಿಟ್ಟ. ಎಡಕ್ಕೆ ತಳ್ಳಿದ್ರೆ ವಿಮಾನ ಬಲಕ್ಕೆ ಹೋಗತ್ತೆ, ಬಲಕ್ಕೆ ತಳ್ಳಿದ್ರೆ ಎಡಕ್ಕೆ. ಅದಕ್ಕೇ ಚನ್ನರಾಯಪ್ಪ ಅವನ ಕೆನ್ನೆಗೆ ಹೊಡೆದಿದ್ದು.”

“ಬೀದಿ ಜನವೆಲ್ಲ ನೋಡಿದಾರೆ. ಕೊಲೆ ಮಾಡೋಕೆ ಅಷ್ಟು ಸಾಕು.”

“ಸರಿ. ಆದ್ರೆ ಅಷ್ಟು ಹೊತ್ತಿಗೆ ಸ್ಪ್ಯಾನರ್ರು, ಸ್ಕ್ರೂಡ್ರೈವರ್ರು ಎಲ್ಲಾ ಪೂಜೆಗೆ ಇಟ್ಟಾಗಿತ್ತು. ಮರುಪೂಜೆ ಆಗೋ ತನಕ ಕೆಲಸಕ್ಕೆ ಮುಟ್ಟೋ ಹಾಗಿಲ್ಲ. ಹಾಗಾಗಿ ಹ್ಯಾಂಡಲ್ ಉಲ್ಟಾ ಇದ್ದ ಹಾಗೇ ಬಿಟ್ಟು ಅವನು ಬಸ್ ಹತ್ತಿದ. ಇದು ಅವನ ಮಾತು.”

“ನನ್ನ ಮಾತು ಬೇರೆ. ಪೂಜೆ ದಿನ ಮಧ್ಯಾಹ್ನ ವಾಪಸ್ ಬಂದ. ಹ್ಯಾಂಡಲ್ ಸರಿ ಮಾಡ್ತೀನಿ ಅಂತ ಹಿಂದಿನ ಹಲಗೆ ಬಿಚ್ಚಿದ. ತಂತಿ ಸುತ್ತಿ ಹೋದ.”

“ಹ್ಯಾಂಡಲ್ ಸರಿ ಮಾಡೋಕೆ ಬಂದೋನು ಅದನ್ನ ಸರಿ ಮಾಡೇ ಹೋಗಿರ್ಬೇಕಲ್ವಾ? ಯಜಮಾನ ಎದುರಿಗೇ ನಿಂತು ನೋಡಿರ್ತಾನೆ.”

ಕೋದಂಡರಾಮಪ್ಪ ಹ್ಯಾಂಡಲ್ ಕಡೆ ನೋಡಿದರು.

“ಅದು ಇನ್ನೂ ಉಲ್ಟಾನೇ ಇದ್ರೆ, ಪೆದ್ದಪ್ಪ ಬಂದೇ ಇಲ್ಲ,” ಎಂದಳು ಗಂಗರತ್ನ. “ಹಲಗೆ ಬಿಚ್ಚಿದ್ದು ಬೇರೆ ಯಾರೋ.”

“ಸರಿ. ನಾನೂ ನ್ಯಾಯವಾಗಿ ಹೇಳ್ತೀನಿ. ಉಲ್ಟಾ ಇತ್ತು ಅನ್ನಿ, ಇವತ್ತೇ ಅವನನ್ನ ಬಿಟ್ಟು ಹೊಸದಾಗಿ ಶುರು ಮಾಡ್ತೀನಿ. ನೆಟ್ಟಗಿತ್ತು ಅನ್ನಿ, ಜೀಪು ಹೊರಗಡೆ ನಿಂತಿದೆ. ಕೊಲೆ ಆರೋಪಿ ಅಂತ ಕೋಲಾರದ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ. ಆಮೇಲೆ ನೀವು ನನ್ನ ಮೇಲೆ ಬೇಜಾರು ಮಾಡ್ಕೋಬಾರ್ದು.”

ಅವಳು ತಲೆಯಾಡಿಸಿದಳು. ಬೆಳಿಗ್ಗೆ ಲಾಕಪ್ಪಿನ ಸರಳು ಹಿಡಿದು ನಿಂತಿದ್ದ ಪೆದ್ದಪ್ಪನ ಮುಖ ಕಣ್ಣ ಮುಂದಿತ್ತು. ಹ್ಯಾಂಡಲ್ಲಿನ ವಿಷಯ ಅವನು ಬಾಯಿಬಿಟ್ಟಿದ್ದು ಆಗಲೇ. ಅದಕ್ಕೆ ಮುಂಚೆ ತಪ್ಪು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ. “ಕರೆಂಟ್ ಕೊಡ್ಸಮ್ಮ ಸಾಕು. ನನ್ನ ತಪ್ಪೇ ನನ್ನ ಉಳಿಸ್ತದೆ,” ಎಂದಿದ್ದ. ಆ ವಿಷಯವನ್ನು ಅವಳು ಕೋದಂಡರಾಮಪ್ಪನವರಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಈಗ ಕೇಳಿಸಿಕೊಂಡವಳು ಹಲಗೆಯ ಮೇಲಿನ ಮುತ್ಯಾಲಮ್ಮ ಒಬ್ಬಳೇ.

ಗಂಗರತ್ನ ಮಿಷಿನ್ನಿನ ಹಿಂದೆ ಹೋಗಿ ಬಗ್ಗಿದಳು. ಬೆನ್ನಿನ ಹಲಗೆಗೆ ನಾಲ್ಕು ಮೂಲೆಗೂ ಸ್ಕ್ರೂ. ಒಂದೊಂದರ ಸೀಳಿನಲ್ಲೂ ಕೆಂಪಗೆ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದಳು. ಕುಂಕುಮ.

“ಪೂಜೆಗಿಟ್ಟ ಸ್ಕ್ರೂಡ್ರೈವರಿಂದಲೇ ಬಿಚ್ಚಿದಾರೆ,” ಎಂದರು ಕೋದಂಡರಾಮಪ್ಪ. “ಅದನ್ನ ನಾವೂ ಮೊದಲ ದಿನವೇ ನೋಡಿದ್ವಿ. ಪೂಜೆ ಆದ್ಮೇಲೆ ಬಿಚ್ಚಿದ್ದು ಅನ್ನೋದ್ರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.”

ಅವಳು ಮುಂದಕ್ಕೆ ಬಂದಳು. ಪರದೆಯ ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಹಾಗೆಯೇ ಇತ್ತು. ಒಣಗಿದ ಚೆಂಡುಹೂವಿನ ಹಾರ ಹಾಗೆಯೇ ಇತ್ತು. ಹ್ಯಾಂಡಲ್ಲಿನ ಗುಂಡು ತಲೆ ಮಾತ್ರ ಬೋಳಾಗಿತ್ತು. ಅದರ ಬುಡದಲ್ಲಿ ಕೆಂಪು ಪುಡಿ ಉದುರಿತ್ತು.

“ಅಮ್ಮಾ, ಹ್ಯಾಂಡಲ್‌ಗೆ ಕುಂಕುಮ ಇಟ್ಟಿದ್ರಾ?”

“ನನ್ನ ಕೈಯಾರೆ ಇಟ್ಟೆ ಕಣಮ್ಮ,” ಎಂದಳು ಮುತ್ಯಾಲಮ್ಮ. “ಹಿಡೀಗೊಂದು, ಗುಂಡೀಗೊಂದು. ನೀರಲ್ಲಿ ಕಲಸಿ ಇಷ್ಟು ದಪ್ಪ ಇಟ್ಟೆ.”

“ಆಮೇಲೆ ನಿಮ್ಮ ಮಗ ಆಡಿರ್ಬಹುದಾ?”

“ಅವನಾ? ಪೂಜೆ ಆದ್ಮೇಲೆ ಸೈಕಲ್ಲೂ ತುಳೀದೋನು! ಊಟಕ್ಕೆ ನಡ್ಕೊಂಡೇ ಬಂದ, ನಡ್ಕೊಂಡೇ ಹೋದ. ಇನ್ನೊಂದು ಮುದ್ದೆ ಹಾಕ್ತೀನಿ ಕೂತ್ಕೊಳೋ ಅಂದ್ರೆ, ಅಂಗಡೀಲಿ ಸ್ನೇಹಿತ ಕಾಯ್ತಾವ್ನೆ ಅಂತ ಎದ್ದ. ಯಾರ್ಲಾ ಅದು ಅಂತ ನಾನು ಕೇಳ್ಬಾರ್ದಿತ್ತಾ? ಕೇಳ್ಲಿಲ್ಲ, ಪಾಪಿ.”

ಗಂಗರತ್ನ ಕೋದಂಡರಾಮಪ್ಪನವರ ಮುಖ ನೋಡಿದಳು.

“ಯಜಮಾನ ಊಟಕ್ಕೆ ಹೋದಾಗ ಇಲ್ಲಿ ಕೂತು ಯಾರೋ ಆಡಿದಾನೆ ಸಾರ್. ಆಡಿ, ಹಲಗೆ ಬಿಚ್ಚಿದಾನೆ. ಅವನ ಕೈಗೆ ಈ ಉಲ್ಟಾ ಹ್ಯಾಂಡಲ್ ಅಭ್ಯಾಸ ಆಗಿರತ್ತೆ.”

“ಮೊದಲು ಉಲ್ಟಾ ಇದೆಯೋ ಇಲ್ವೋ ನೋಡೋಣ. ಆಡೋರು ಯಾರು? ಈ ಮಕ್ಕಳಾಟ ನನ್ನ ಕೈಲಿ ಆಗಲ್ಲ.”

“ನಂಗೂ ಬರಲ್ಲ. ನಮ್ಮನೆಯವರನ್ನ ಕರ್ಕೊಂಡು ಬಂದಿದೀನಿ. ಹಳೇ ಮಿಷಿನ್ ಆಡ್ತಿದ್ರು, ಹೊಸದನ್ನ ನೋಡಿಲ್ಲ. ಹಳೇದರಲ್ಲಿ ಪಳಗಿದ ಕೈ ಇದರಲ್ಲಿ ಇನ್ನೂ ಬೇಗ ತಪ್ಪತ್ತೆ. ಮೊದಲನೇ ಹುಳಕ್ಕೇ ವಿಮಾನ ಹೋಗತ್ತೆ, ನೋಡ್ತಿರಿ.”

ಅವಳು ಬಾಗಿಲಿಗೆ ಬಂದು, ಎದುರಿನ ಬೀಡಾ ಅಂಗಡಿಯ ಕಡೆಗೆ ಕೈ ಬೀಸಿದಳು. “ರೀ, ಬನ್ನಿ.”

ಕದಿರೇಶ ರಸ್ತೆ ದಾಟಿ ಬಂದ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ದಿನಾ ರೈಲಿನಲ್ಲಿ ಓಡಾಟ. ಇವತ್ತು ಅವಳಿಗಾಗಿ ರಜೆ ಹಾಕಿದ್ದ. ಬೆಳಿಗ್ಗೆ ಕೇಳಿದಾಗ, “ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?” ಎಂದು ಗೊಣಗಿದ್ದ. ದಿನಾ ನೋಡುತ್ತಿದ್ದ ಮನುಷ್ಯ ಸತ್ತ ಜಾಗ, ಸಂಕಟವಾಗುತ್ತೆ ಅಂದುಕೊಂಡು ಅವಳು ಬಲವಂತ ಮಾಡಿ ಕರೆತಂದಿದ್ದಳು.

“ನಮಸ್ಕಾರ ಸಾರ್,” ಎಂದ ಕದಿರೇಶ. ಮುತ್ಯಾಲಮ್ಮನಿಗೂ ಕೈಮುಗಿದ. ಗಂಗರತ್ನಳ ಕಡೆ ತಿರುಗಿದ. “ಏನ್ ಮಾಡ್ಬೇಕು ಹೇಳು.”

“ಏನಿಲ್ಲ. ಯಾವಾಗ್ಲೂ ಆಡೋ ಹಾಗೆ ಆಡಿ.”

“ಲಾಯರಮ್ಮನ ಅಪ್ಪಣೆ. ಸೋತ್ರೆ ಜೈಲಿಗೆ ಹಾಕಲ್ಲ ತಾನೆ ಸಾರ್?”

“ಗೆದ್ರೆ ಹಾಕ್ತೀವಿ,” ಎಂದು ಕೋದಂಡರಾಮಪ್ಪ ನಕ್ಕರು. ಅವರು ಮಿಷಿನ್ನಿನ ಬಲಕ್ಕೆ ನಿಂತರು. ಅಲ್ಲಿಂದ ಪರದೆ ಕಾಣುತ್ತಿತ್ತು. ಹ್ಯಾಂಡಲ್ ಕಾಣಬೇಕಾದರೆ ಕದಿರೇಶನ ಮೈ ಅಡ್ಡ. ಗಂಗರತ್ನ ಅವನ ಎಡಕ್ಕೆ ನಿಂತಳು.

ಎಂಟಾಣೆ ಒಳಗೆ ಬಿತ್ತು. ಕಪ್ಪು ಪರದೆಯ ತುಂಬ ಚುಕ್ಕಿಗಳು ಹರಿಯತೊಡಗಿದವು. ಪೀಪಿ ಊದಿದಂಥ ಸದ್ದಾಯಿತು. ಕೆಳಗೆ ಬಿಳಿ ವಿಮಾನ ಬಂದು ನಿಂತಿತು.

ಹಳೆಯ ಆಟದಲ್ಲಿ ಹುಳಗಳು ಮೊದಲೇ ಸಾಲಾಗಿ ನಿಂತಿರುತ್ತಿದ್ದವು. ಇದರಲ್ಲಿ ಹಾಗಲ್ಲ. ಪರದೆಯ ಅಂಚಿನಿಂದ ದಾರ ಬಿಚ್ಚಿದ ಹಾಗೆ ಹೊರಟು, ಸುತ್ತು ಹಾಕಿ, ಮೇಲೆ ಹೋಗಿ ತಮ್ಮ ತಮ್ಮ ಜಾಗ ಹಿಡಿಯುತ್ತಿದ್ದವು. ಹಳದಿ, ಕೆಂಪು. ಎಲ್ಲಕ್ಕಿಂತ ಮೇಲೆ ನಾಲ್ಕು ದಪ್ಪ ಹಸಿರು ಹುಳ.

ಗಂಗರತ್ನ ಪರದೆಯನ್ನೇ ನೋಡುತ್ತಿದ್ದಳು. ಒಂದು ಕೆಂಪು ಹುಳ ಓರೆಯಾಗಿ ಇಳಿಯಿತು. ಈಗ ತಪ್ಪುತ್ತಾನೆ, ಈಗ.

ವಿಮಾನ ಸರಕ್ಕನೆ ಬಲಕ್ಕೆ ಜಾರಿತು. ಹುಳ ಪಕ್ಕದಲ್ಲೇ ಹಾದುಹೋಯಿತು. ಗುಂಡು ಹಾರಿತು, ಹುಳ ಸಿಡಿಯಿತು.

ಮತ್ತೊಂದು ಇಳಿಯಿತು. ವಿಮಾನ ಎಡಕ್ಕೆ ಹೋಯಿತು. ಮತ್ತೊಂದು. ಬಲಕ್ಕೆ. ಎಣ್ಣೆ ಹಾಕಿದಷ್ಟು ಸಲೀಸು.

“ಏನಮ್ಮ?” ಎಂದರು ಕೋದಂಡರಾಮಪ್ಪ ಮೆಲ್ಲಗೆ. “ನೆಟ್ಟಗಿದೆಯಲ್ಲ.”

ಪೆದ್ದಪ್ಪ ಸುಳ್ಳು ಹೇಳಿದ್ದ. ಸರಳಿನ ಹಿಂದೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು ಸುಳ್ಳು ಹೇಳಿದ್ದ. ವಾಪಸ್ ಬಂದಿದ್ದ, ಹ್ಯಾಂಡಲ್ ಸರಿ ಮಾಡಿದ್ದ, ತಂತಿ ಸುತ್ತಿ ಹೋಗಿದ್ದ. ಇಷ್ಟು ಓದಿ ತಾನು ಅವನನ್ನು ನಂಬಿಬಿಟ್ಟಿದ್ದಳು.

“ನನ್ನ ಮಗನ್ನ ತಿಂದ್ಬಿಟ್ನಲ್ಲಮ್ಮ ಆ ಪೆದ್ದಪ್ಪ,” ಎಂದು ಮುತ್ಯಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಪರದೆಯ ಮೇಲೆ ಒಂದು ಹಸಿರು ಹುಳ ಅರ್ಧಕ್ಕೆ ಇಳಿದು ನಿಂತಿತು. ಅದರ ಬಾಯಿಂದ ನೀಲಿ ಬೆಳಕು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು.

“ಏಯ್ ಏಯ್, ತಪ್ಪಿಸ್ಕೊಳ್ಳಿ!” ಎಂದರು ಕೋದಂಡರಾಮಪ್ಪ, ತಮಗರಿಯದೆ ಮುಂದಕ್ಕೆ ಬಾಗಿ.

ಕದಿರೇಶ ತಪ್ಪಿಸಿಕೊಳ್ಳಲಿಲ್ಲ. ಗುಂಡಿಯಿಂದ ಬೆರಳು ತೆಗೆದ. ವಿಮಾನವನ್ನು ತಾನೇ ಕೊಂಡೊಯ್ದು ಆ ಬೆಳಕಿನ ಕೆಳಗೆ ನಿಲ್ಲಿಸಿದ. ಅದು ಗಿರಗಿರ ತಿರುಗುತ್ತ ಮೇಲೆ ಸೆಳೆದುಕೊಂಡು ಹೋಯಿತು. ಕೆಂಪಾಗಿ, ಹುಳದ ಬೆನ್ನಿಗೆ ಅಂಟಿಕೊಂಡಿತು.

“ಹೋಯ್ತಲ್ರೀ!”

“ಹೋಗ್ಲಿ ಬಿಡಿ ಸಾರ್. ಬೇಕಂತಲೇ ಕೊಟ್ಟಿದ್ದು.” ಕದಿರೇಶನ ಕಣ್ಣು ಪರದೆಯಿಂದ ಕದಲಲಿಲ್ಲ. ಅವನಿಗೆ ಆಟದ ಬಿಸಿ ಹತ್ತಿತ್ತು. “ಹಳೇದರಲ್ಲಿ ಹೋದ ವಿಮಾನ ಹೋದ ಹಾಗೇ. ಇದರಲ್ಲಿ ಸೆರೆ ಹಿಡಿಯತ್ತೆ. ಈಗ ಇನ್ನೊಂದು ವಿಮಾನ ಬಂತಲ್ಲ? ಆ ಹುಳ ಕೆಳಗೆ ಬರೋವಾಗ ಹುಳಕ್ಕೆ ಮಾತ್ರ ಹೊಡೀಬೇಕು, ನಮ್ಮದಕ್ಕೆ ತಾಗಬಾರ್ದು. ನೋಡಿ.”

ಹುಳ ಇಳಿಯಿತು. ಒಂದೇ ಗುಂಡು. ಸೆರೆಯಲ್ಲಿದ್ದ ವಿಮಾನ ಬಿಡಿಸಿಕೊಂಡು ಮೆಲ್ಲಗೆ ಇಳಿದು ಬಂದು ಮೊದಲಿನದರ ಪಕ್ಕಕ್ಕೆ ಅಂಟಿತು. ಈಗ ವಿಮಾನ ಜೋಡಿ. ಗುಂಡೂ ಜೋಡಿ.

“ಅಬ್ಬಾ!” ಎಂದರು ಕೋದಂಡರಾಮಪ್ಪ. “ಕೊಟ್ಟು ಎರಡು ಮಾಡ್ಕೊಂಡ್ರಲ್ಲ!”

ಗಂಗರತ್ನಳಿಗೆ ಏನೋ ಚುಚ್ಚಿತು. ಹೊಸದನ್ನು ನೋಡೇ ಇಲ್ಲ ಅಂದಿದ್ದರಲ್ಲ?

“ಇದೆಲ್ಲ ನಿಮಗೆ ಹೇಗೆ ಗೊತ್ತು?” ಎಂದಳು.

“ಕಾರ್ಖಾನೇಲಿ ಹುಡುಗರು ಹೇಳ್ತಿದ್ರು.”

ಇರಬಹುದು. ಬೆಂಗಳೂರಿನಲ್ಲಿ ಎಲ್ಲ ಇರುತ್ತದೆ. ಅವಳು ತಲೆ ತಗ್ಗಿಸಿದಳು. ಪರದೆ ನೋಡಲು ಮನಸ್ಸಾಗಲಿಲ್ಲ. ಆಗ ಅವನ ಎಡಗೈ ಕಣ್ಣಿಗೆ ಬಿತ್ತು.

ಕೈ ಎಡಕ್ಕೆ ಹೋಯಿತು.

ಅವಳು ತಲೆಯೆತ್ತುವಷ್ಟರಲ್ಲಿ ಜೋಡಿ ವಿಮಾನ ಬಲಕ್ಕೆ ಜಾರುತ್ತಿತ್ತು.

ತಪ್ಪು ನೋಡಿದೆ ಅಂದುಕೊಂಡಳು. ಮತ್ತೆ ನೋಡಿದಳು. ಕೈ ಬಲಕ್ಕೆ. ವಿಮಾನ ಎಡಕ್ಕೆ. ಕೈ ಎಡಕ್ಕೆ, ವಿಮಾನ ಬಲಕ್ಕೆ. ಒಂದು ಸಲವೂ ತಡವರಿಸದೆ, ಯೋಚಿಸದೆ, ತನ್ನ ಮನೆಯ ಬಾಗಿಲ ಚಿಲಕ ತೆಗೆಯುವಷ್ಟು ಸಹಜವಾಗಿ ಆ ಕೈ ಉಲ್ಟಾ ಆಡುತ್ತಿತ್ತು.

ಹ್ಯಾಂಡಲ್ ಸರಿ ಆಗಿರಲಿಲ್ಲ.

ಪೆದ್ದಪ್ಪ ಬಂದಿರಲಿಲ್ಲ. ಅವನು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು.

ಆಯುಧಪೂಜೆಯ ದಿನ ಕಾರ್ಖಾನೆಯ ಪೂಜೆ ಎಂದು ಕದಿರೇಶ ಬೆಳಿಗ್ಗೆಯೇ ಹೊರಟಿದ್ದ. ಸಂಜೆ ರೈಲು ಬಂದ ಹೊತ್ತಿಗೆ ಮನೆಗೆ ಬಂದಿದ್ದ. ಬೂಂದಿ, ಕಡ್ಲೆಪುರಿಯ ಪೊಟ್ಟಣ ತಂದಿದ್ದ. ಚನ್ನರಾಯಪ್ಪ ಸತ್ತ ಸುದ್ದಿಯನ್ನು ಅವಳೇ ಅವನಿಗೆ ಹೇಳಿದ್ದಳು. ಅಯ್ಯೋ ಎಂದಿದ್ದ. ಆಮೇಲೆ ಇಬ್ಬರೂ ಕೂತು ಬೂಂದಿ ತಿಂದಿದ್ದರು.

“ಸಾಕು ಬಿಡಿ,” ಎಂದರು ಕೋದಂಡರಾಮಪ್ಪ. ಟೋಪಿ ತಲೆಗೆ ಇಟ್ಟುಕೊಂಡರು. “ಎಷ್ಟೊತ್ತು ಆಡಿದ್ರೂ ಅಷ್ಟೇ. ಹ್ಯಾಂಡಲ್ ನೆಟ್ಟಗಿದೆ. ಮೇಡಂ, ನೀವೇ ಕಣ್ಣಾರೆ ನೋಡಿದ್ರಿ. ಹಾಗಂತ ಬರ್ಕೊಳ್ಳಲಾ?”

ಕದಿರೇಶ ಹ್ಯಾಂಡಲ್ ಬಿಟ್ಟು ಸರಿದು ನಿಂತ. “ಹ್ಯಾಂಡಲ್ಲಾ? ಹ್ಯಾಂಡಲ್‌ದೇನು ಸಾರ್?”

“ಉಲ್ಟಾ ಇದೆ ಅಂತ ನಿಮ್ಮ ಯಜಮಾನ್ತಿ ವಾದ.”

ಕದಿರೇಶ ತನ್ನ ಎಡಗೈ ನೋಡಿಕೊಂಡ. ಬಹಳ ಹೊತ್ತೇನಲ್ಲ. ಆಮೇಲೆ ಅವಳ ಮುಖ ನೋಡಿದ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು.

“ರತ್ನ,” ಎಂದ ಮೆಲ್ಲಗೆ. “ಮನೆಗೆ ಹೋಗೋಣ.”

ಪರದೆಯ ಮೇಲೆ ದಿಕ್ಕಿಲ್ಲದೆ ನಿಂತಿದ್ದ ಜೋಡಿ ವಿಮಾನದ ಒಂದು ಭಾಗಕ್ಕೆ ಹುಳ ಬಂದು ಬಡಿಯಿತು. ಉಳಿದದ್ದು ಒಂದೇ.

ಹೊರಗೆ ಜೀಪಿನ ಹಿಂಬದಿಯಲ್ಲಿ ಪೆದ್ದಪ್ಪ ಬೇಡಿ ತೊಟ್ಟು ಕೂತಿದ್ದ. ಇಲ್ಲಿಂದಲೇ ಅವನ ಮೊಣಕಾಲು ಕಾಣುತ್ತಿತ್ತು. ಅವಳು ಸುಮ್ಮನಿದ್ದರೆ ಸಾಕಿತ್ತು. ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಜೀಪು ಕೋಲಾರಕ್ಕೆ ಹೋಗುತ್ತಿತ್ತು. ಇವರಿಬ್ಬರೂ ಮನೆಗೆ ಹೋಗುತ್ತಿದ್ದರು.

“ಏನಮ್ಮ, ಬರ್ಕೊಳ್ಳಲಾ?”

“ಬೇಡ ಸಾರ್,” ಎಂದಳು ಗಂಗರತ್ನ. ಆ ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. “ನೀವೇ ಹಿಡಿದು ನೋಡಿ.”

“ನಂಗೆ ಬರಲ್ಲ ಅಂದ್ನಲ್ಲ.”

“ಬರೋದು ಬೇಡ. ಎಡಕ್ಕೆ ತಳ್ಳಿ, ಸಾಕು.”

ಕದಿರೇಶ ಅವರ ದಾರಿಗೆ ಅಡ್ಡ ನಿಂತಿದ್ದ. ಒಂದು ಕ್ಷಣ ಅವನು ಸರಿಯುವುದಿಲ್ಲವೇನೋ ಅನ್ನಿಸಿತು. ಆಮೇಲೆ ಸರಿದ.

ಕೋದಂಡರಾಮಪ್ಪ ಮುಜುಗರದಿಂದ ಹ್ಯಾಂಡಲ್ ಹಿಡಿದು ಎಡಕ್ಕೆ ತಳ್ಳಿದರು. ವಿಮಾನ ಬಲಕ್ಕೆ ಓಡಿ ಅಂಚಿಗೆ ಬಡಿದು ನಿಂತಿತು. ಅವರು ಹುಬ್ಬು ಗಂಟಿಕ್ಕಿ ಬಲಕ್ಕೆ ತಳ್ಳಿದರು. ಅದು ಎಡಕ್ಕೆ ಓಡಿ, ಇಳಿಯುತ್ತಿದ್ದ ಹುಳದ ಬಾಯಿಗೇ ಹೋಗಿ ಸಿಡಿಯಿತು.

“ಅರೆ! ಇದು ಉಲ್ಟಾನೇ...” ಎಂದು ನಗಲು ಹೋದರು. ನಗು ಬಾಯಲ್ಲೇ ಉಳಿಯಿತು. ಹ್ಯಾಂಡಲ್ ನೋಡಿದರು. ಬೋಳಾಗಿದ್ದ ಅದರ ತಲೆ ನೋಡಿದರು. ಆಮೇಲೆ ಬಹಳ ನಿಧಾನವಾಗಿ ಕದಿರೇಶನ ಕಡೆಗೆ ತಿರುಗಿದರು.



ಮುತ್ಯಾಲಮ್ಮ ಹಲಗೆಯಿಂದ ಎದ್ದಳು. ಗೋಡೆ ಹಿಡಿದುಕೊಂಡು ಬಂದು ಕದಿರೇಶನ ಮುಂದೆ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಗಂಗರತ್ನ ಕಣ್ಣು ಮುಚ್ಚಿದಳು. ಮುದುಕಿ ಎರಡನ್ನೂ ಮಾಡಲಿಲ್ಲ. ಎದುರಿಗಿದ್ದವನ ಅಂಗಿಯ ತೋಳು ಹಿಡಿದುಕೊಂಡಳು.

“ನಾಯನಾ,” ಎಂದಳು, ಭಿಕ್ಷೆ ಕೇಳುವ ದನಿಯಲ್ಲಿ. “ಜೀವ ಹೋಗೋವಾಗ ನನ್ನ ಮಗ ಏನಾದ್ರೂ ಅಂದ್ನಾ?”

ಕದಿರೇಶ ತೋಳು ಬಿಡಿಸಿಕೊಳ್ಳಲಿಲ್ಲ.

“ಅಂದ,” ಎಂದ. “ಯಾವಾಗ್ಲೂ ನನ್ನ ಹತ್ರ ಅಂತಿದ್ದುದನ್ನೇ.”

ಚನ್ನರಾಯಪ್ಪ ಬದುಕಿದ್ದಾಗ ಗಂಗರತ್ನ ಅವನೊಂದಿಗೆ ಒಂದು ಮಾತೂ ಆಡಿದವಳಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ನೋಡಿದ್ದಷ್ಟೇ.

ಕದಿರೇಶ ಅವಳ ಕಡೆಗೆ ಬೆರಳು ಎತ್ತಿದ.

“ಇವಳ ಹೆಸರು.”